ದಪ್ಪ ವೈರು, ಸಣ್ಣ ವೈರು

ವೈರಿಂಗ್ ಮಿಸ್ತ್ರಿಯಾಗಿ ಜಮಖಂಡಿಯಿಂದ ಬೀಳಗಿಯವರೆಗೆ ನಾನು ಏಣಿ ಹಚ್ಚದ ಓಣಿಯಿಲ್ಲ. ಎಪ್ಪತ್ತರ ದಶಕದಲ್ಲಿ ಎರಡು ಬಲ್ಬು ಉರಿಯುತ್ತಿದ್ದ ಮನೆಗಳಿಗೆ ಫ್ಯಾನು, ಇಸ್ತ್ರಿಪೆಟ್ಟಿಗೆ, ಮಿಕ್ಸಿ ಒಂದೊಂದಾಗಿ ಬರತೊಡಗಿದವು. ಕಂಬದಿಂದ ಮನೆಗೆ ಎಳೆದಿದ್ದ ಹಳೆಯ ವೈರು ಅಷ್ಟನ್ನು ತಾಳುತ್ತಿರಲಿಲ್ಲ, ದಪ್ಪನೆಯದು ಹಾಕಬೇಕಾಗುತ್ತಿತ್ತು. ಯಾವ ವೈರು ಅನ್ನುವ ಮಾತು ಎತ್ತಿದರೆ ಸಾಕು, ಆ ಮನೆಯಲ್ಲಿ ಏನಾದರೊಂದು ಫಜೀತಿ ಆಗಿಯೇ ತೀರುತ್ತಿತ್ತು.

ನಂಬರಿನ ಜಗಳ

ಬನಹಟ್ಟಿಯಲ್ಲಿ ಒಬ್ಬ ಗಣಿತದ ಮಾಸ್ತರರು. ಹತ್ತು ನಂಬರಿನ ವೈರು ತರ್ರಿ ಅಂದಿದ್ದೆ. ಅವರು ಹದಿನಾಲ್ಕು ನಂಬರಿನದು ತಂದರು.

"ಇದು ಸಣ್ಣದಾತ್ರಿ ಸರ್."

"ಹತ್ತಕ್ಕಿಂತ ಹದಿನಾಲ್ಕು ಸಣ್ಣದ? ಮೂವತ್ತು ವರ್ಷ ಲೆಕ್ಕ ಕಲಿಸೇನಿ, ನನಗ ಹೇಳ್ತಿ?"

ನಂಬರು ಏರಿದಂತೆ ವೈರು ತೆಳ್ಳಗಾಗುತ್ತದೆ ಎಂದು ಎಷ್ಟು ಹೇಳಿದರೂ ಕೇಳಲಿಲ್ಲ. ಗದ್ದಲ ಕೇಳಿ ಪಕ್ಕದ ಮನೆಯ ನೇಕಾರರೊಬ್ಬರು ಮಗ್ಗ ನಿಲ್ಲಿಸಿ ಬಂದರು. ವಿಷಯ ತಿಳಿದು ನಕ್ಕುಬಿಟ್ಟರು.

"ಸರ್, ಮಿಸ್ತ್ರಿ ಹೇಳೂದು ಖರೆ ಐತ್ರಿ. ನಮ್ಮ ನೂಲೂ ಹಂಗ. ಇಪ್ಪತ್ತು ನಂಬರಿಂದು ದಪ್ಪ, ಅರವತ್ತರದು ಸಣ್ಣ."

ಮಾಸ್ತರರು ವೈರು ಬದಲಿಸಿ ತರಲು ಒಪ್ಪಿದರು. ನನಗೆ ದೊಡ್ಡ ಭಾರ ಇಳಿದಂತಾಯಿತು. ಅಂತೂ ನನ್ನ ಕಸುಬು ತಿಳಿದವನೊಬ್ಬ ಸಿಕ್ಕನಲ್ಲ ಎಂದು ಖುಷಿಪಡುವಷ್ಟರಲ್ಲಿ ನೇಕಾರರು ವೈರನ್ನು ಬೆರಳಲ್ಲಿ ತಿಕ್ಕಿ ನೋಡಿ ಕೇಳಿದರು:

"ಅಲ್ರೀ, ನೂಲಿಗೆ ಹಾಕಿದಂಗ ಇದಕ್ಕ ಗಂಜಿ ಯಾವಾಗ ಹಾಕ್ತೀರಿ?"

ಮುಧೋಳದ ಅಕ್ಕಾರು

ಮುಧೋಳದ ಒಂದು ಮನೆಯಲ್ಲಿ ಯಜಮಾನರು ಸಣ್ಣ ವೈರೇ ಸಾಕು ಅಂತ ಹಟ ಹಿಡಿದಿದ್ದರು. ಅವರ ಹೆಂಡತಿ ಮಾತ್ರ ನನ್ನ ಪರ. "ದಪ್ಪಂದ ಹಾಕ್ರಿ ಅಣ್ಣಾರ, ಗಟ್ಟಿ ಇರ್ಲಿ" ಅಂದರು. ಇಂಥ ತಿಳಿವಳಿಕೆಯ ಹೆಣ್ಣುಮಕ್ಕಳು ಮನೆಗೊಬ್ಬರು ಇರಬೇಕು ಅಂದುಕೊಂಡು ವೈರು ಎಳೆದು ಬಂದೆ.

ಎರಡು ದಿನ ಬಿಟ್ಟು ಆ ದಾರಿಯಲ್ಲಿ ಹೋಗುವಾಗ ತಲೆಯೆತ್ತಿ ನೋಡಿದೆ. ಮಾಳಿಗೆಯ ಮೇಲೆ ಹಾದ ಆ ವೈರಿನ ತುಂಬ ಒಗೆದು ಹರವಿದ ನಾಲ್ಕು ಒದ್ದೆ ಕೌದಿ!

"ಅಕ್ಕಾರ, ಮುಟ್ಟಬ್ಯಾಡ್ರಿ! ಹಿಂದ ಸರೀರಿ!" ಎಂದು ಒದರುತ್ತ ಓಡಿ, ಲೈನ್‌ಮನ್‌ನಿಂದ ಕಂಬದಲ್ಲಿ ಕರೆಂಟು ತೆಗೆಸಿ, ಒಣಗಿದ ಕೋಲಿನಿಂದ ಒಂದೊಂದೇ ಕೌದಿ ಇಳಿಸಿದೆ. ವೈರು ಜೋತುಬಿದ್ದಿತ್ತು, ಆದರೆ ಮೇಲಿನ ಹೊದಿಕೆ ಎಲ್ಲೂ ಹರಿದಿರಲಿಲ್ಲ. ಪುಣ್ಯಕ್ಕೆ ಯಾರಿಗೂ ಏನೂ ಆಗಿರಲಿಲ್ಲ. ಅಲ್ಲೇ ಮಾಳಿಗೆಯ ಮೇಲೆ ಕುಸಿದು ಕೂತೆ.

ಅಕ್ಕಾರು ನೀರು ತಂದುಕೊಟ್ಟು ಗಂಡನ ಕಡೆ ತಿರುಗಿದರು. "ನೋಡಿದ್ರಿಲ್ಲೊ? ನಿಮ್ಮ ಮಾತು ಕೇಳಿ ಸಣ್ಣದು ಹಾಕಿಸಿದ್ರ ನಾಕು ಕೌದಿ ತಡೀತಿತ್ತೇನು?"

ಬೀಳಗಿಯ ಆಯಿ

ಬೀಳಗಿಯಲ್ಲಿ ಒಬ್ಬ ಅಜ್ಜಿಗೆ ಬೇರೆಯೇ ಹೆದರಿಕೆ. ದಪ್ಪ ವೈರಿನಲ್ಲಿ ಕರೆಂಟು ಧೋ ಅಂತ ಬಂದು ಫ್ಯಾನು ಕಿತ್ತುಕೊಂಡು ಹಾರೀತು ಎಂದು ಅಂಗಳದಲ್ಲಿ ಕೂತುಬಿಟ್ಟಿದ್ದರು. ನಾನೇ ಫ್ಯಾನಿನ ಕೆಳಗೆ ನಿಂತು ಅಜ್ಜಿಯ ಮಗನಿಂದ ಬಟನ್ ಒತ್ತಿಸಿದೆ. ಎಂದಿನಂತೆ ತಿರುಗಿತು. ಅಜ್ಜಿ ಮೆಲ್ಲಗೆ ಒಳಗೆ ಬಂದು, ಫ್ಯಾನು ನೋಡಿ, ಪಕ್ಕದಲ್ಲಿದ್ದ ಹೊಟ್ಟೆ ಬೆಳೆದ ಮಗನನ್ನೂ ನೋಡಿದರು.

"ಹೌದ ಬಿಡಪಾ. ಇವನೂ ಹಂಗ. ದಪ್ಪ ಆಗ್ಯಾನಂತ ಕೆಲಸೇನು ಜಾಸ್ತಿ ಮಾಡಂಗಿಲ್ಲ."

ನನ್ನ ಮನೆಯದು

ಇದನ್ನು ಹೇಳಬಾರದೆಂದಿದ್ದೆ. ಒಂದು ಮಧ್ಯಾಹ್ನ ಸಾವಳಗಿಯಿಂದ ಒಬ್ಬ ರೈತರು ಮನೆಗೆ ಬಂದರು. ಹೊಸ ಗಿರಣಿಯಂತ್ರ ತರುವವರಿದ್ದರು, ವೈರು ಮಾತ್ರ ಹಳೆಯದೇ ಇರಲಿ ಅನ್ನುತ್ತಿದ್ದರು. ನಾನು ಕುರ್ಚಿ ಎಳೆದುಕೊಂಡು ಶುರುಮಾಡಿದೆ: "ನೋಡ್ರಿ ಗೌಡ್ರ, ಸಣ್ಣ ವೈರಿನ ಮ್ಯಾಲ ಭಾರ ಬಿದ್ರ ಮೊದಲ ಕಾಯತೈತಿ. ಆಮ್ಯಾಲ ರಬ್ಬರ್ ಕರಗತೈತಿ, ವಾಸನಿ ಬರತೈತಿ..."

"ಬರಾಕತ್ತೈತ್ರಿ" ಅಂದರು ಗೌಡರು.

ತಿರುಗಿ ನೋಡಿದರೆ ನನ್ನದೇ ಗೋಡೆಯ ಮೇಲೆ ಹೊಗೆ! ಗೌಡರಿಗೆ ಚಹಾ ಮಾಡಲು ಹೆಂಡತಿ ಒಳಗೆ ಹೊಸ ಕರೆಂಟಿನ ಒಲೆ ಹಚ್ಚಿದ್ದಳು. ನಮ್ಮ ಮನೆಯ ವೈರು ಅಪ್ಪನ ಕಾಲದ್ದು. ಫ್ಯೂಜು ಪದೇಪದೇ ಹೋಗುತ್ತದೆಂದು ಅದರಲ್ಲಿ ದಪ್ಪ ತಂತಿ ಸುತ್ತಿದ್ದವನೂ ನಾನೇ; ಈಗ ಫ್ಯೂಜು ಹೋಗುವ ಬದಲು ವೈರೇ ಸುಡತೊಡಗಿತ್ತು.

ಜಿಗಿದು ಮೇನ್ ಸ್ವಿಚ್ ಎಳೆದು ಅಡಿಗೆಮನೆಗೆ ಓಡಿದೆ. ಅವಳು ಚಹಾಪುಡಿ ಡಬ್ಬಿ ಹಿಡಿದು ನಿಂತಿದ್ದಳು, ಕೂದಲೂ ಕೊಂಕಿರಲಿಲ್ಲ. ಹೋದ ಜೀವ ಬಂತು. ಗೋಡೆ ಒಂದು ಮೊಳ ಕಪ್ಪಾಗಿತ್ತು, ಅಷ್ಟೇ.

ಹೊರಗೆ ಬಂದೆ. ಗೌಡರು ಆಗಲೇ ಚಪ್ಪಲಿ ಮೆಟ್ಟಿ ಬಾಗಿಲಲ್ಲಿ ಕೈಮುಗಿದು ನಿಂತಿದ್ದರು.

"ದಪ್ಪಂದ ಹಾಕ್ರಿ ಮಿಸ್ತ್ರಿ, ಒಪ್ಪಿದ್ನಿ. ಬಾಯಿಲೆ ಹೇಳಿದ್ರ ಸಾಕಿತ್ತು, ನನ್ನ ಸಲುವಾಗಿ ಮನಿ ಸುಟ್ಟು ತೋರಿಸೂದು ಬೇಕಿರಲಿಲ್ಲ!"