ಹಳೆಯ ಅಂಗಡಿಯಲ್ಲಿ ನಾನಿದ್ದೇನೆ

ಗಿರಾಕಿಯಾಗಿ ನಾನು ಮಹಾ ಪುಕ್ಕಲ. ಆದೋನಿಯ ಬಜಾರಿನಲ್ಲಿ ಬೇರೆ ಅಂಗಡಿಯ ಬಟ್ಟೆ ಚೀಲ ಕೈಯಲ್ಲಿದ್ದರೆ, ಹಳೆಯ ಸಾಹುಕಾರರ ಕಣ್ಣಿಗೆ ಬೀಳದಂತೆ ಸಂದಿಗೊಂದಿ ಸುತ್ತಿ ಮನೆ ಸೇರುತ್ತೇನೆ. ಕಂಪ್ಯೂಟರ್ ಆಟ ಮಾರುವ ಆನ್‌ಲೈನ್ ಅಂಗಡಿಗಳ ಮುಂದೆಯೂ ನನ್ನದು ಇದೇ ಬಾಳು. ಅಲ್ಲಿ ಪೈಪೋಟಿ ವಿಪರೀತ. ಒಬ್ಬ ಅರ್ಧ ಬೆಲೆ ಎಂದರೆ ಇನ್ನೊಬ್ಬ ಪುಕ್ಕಟೆ ಎನ್ನುತ್ತಾನೆ. ಪರದೆಯ ಮೇಲೆ ಹೊಸ ಅಂಗಡಿ ತೆರೆಯುವ ಮುಂಚೆ ಹಳೆಯದನ್ನು ಮರ್ಯಾದೆಯಿಂದ ಮುಚ್ಚುತ್ತೇನೆ. ನೋಡಿಬಿಟ್ಟರೆ ಏನಂದುಕೊಂಡಾರು?

ಹಳೆಯ ಅಂಗಡಿಯಲ್ಲಿ ಹಳ್ಳಿ ಕಟ್ಟುವ ಆಟವೊಂದನ್ನು ಕೊಂಡಿದ್ದೆ. ಬೈಯಲು ಬಂದ ಹೆಂಡತಿ ನಾಗವೇಣಿ ಹಾಗೇ ಕುರ್ಚಿ ಎಳೆದುಕೊಂಡು ಕೂತಳು. ನಮ್ಮದು ಬಾಡಿಗೆ ಮನೆ. ಗೋಡೆಗೊಂದು ಮೊಳೆ ಹೊಡೆಯಲೂ ಮಾಲೀಕರನ್ನು ಕೇಳಬೇಕು. ಆಟದಲ್ಲಿ ಯಾರನ್ನೂ ಕೇಳದೆ ಆಕೆ ಪಡಸಾಲೆ ಎಬ್ಬಿಸಿದಳು, ಬೇವಿನ ಗಿಡ ನೆಟ್ಟಳು, ನನ್ನ ಹೆಸರಿನ, ನನ್ನದೇ ಮೀಸೆಯ ಒಬ್ಬನನ್ನು ಅಲ್ಲಿಟ್ಟಳು. ಅಷ್ಟರಲ್ಲಿ ಹೊಸ ಅಂಗಡಿ ಅದೇ ಆಟವನ್ನು ಪುಕ್ಕಟೆ ಹಂಚಿತು. ಪುಕ್ಕಟೆ ಎಂದರೆ ನನಗೆ ಕೈ ತಡೆಯುವುದಿಲ್ಲ. ಹಳೆಯದನ್ನು ಅಳಿಸಿ ಹೊಸದನ್ನು ತುಂಬಿಕೊಂಡೆ. ತೆರೆದರೆ ಬಟ್ಟಬಯಲು; ಮನೆಯೂ ಇಲ್ಲ, ಬೇವೂ ಇಲ್ಲ. ನಾಗವೇಣಿ ಬೈಯಲಿಲ್ಲ, ಅದಕ್ಕೇ ಹೆದರಿದೆ. ಮರುದಿನ ಗೋನೆಗಂಡ್ಲದ ತನ್ನ ತಮ್ಮನ ಮನೆಗೆ ಹೋದವಳು ವಾಪಸು ಬರುವ ಮಾತೇ ಎತ್ತಲಿಲ್ಲ.

ನಾನು ಕೋಸಗಿಯ ಶಾಲೆಯಲ್ಲಿ ಮೇಷ್ಟ್ರು. ಒಂದು ಮಧ್ಯಾಹ್ನ ಬುತ್ತಿ ಬಿಚ್ಚುತ್ತಾ ಮೊಬೈಲಿನಲ್ಲಿ ಹಳೆಯ ಅಂಗಡಿಯನ್ನು ಇಣುಕಿದೆ. ನನ್ನ ಹೆಸರಿನ ಪಕ್ಕ ಹಸಿರು ಚುಕ್ಕೆ. ಕೆಳಗೆ, ‘ಈಗ ಆಡುತ್ತಿದ್ದಾರೆ.’ ಮನೆಗೆ ಬೀಗ, ಬೀಗದ ಕೈ ನನ್ನ ಜೇಬಿನಲ್ಲಿ. ಪಾಠ ಮಾಡುವಾಗೆಲ್ಲ, ಮನೆಯಲ್ಲಿ ನಾನು ಕೂತಿದ್ದೇನೆ ಎಂಬುದೇ ತಲೆಯಲ್ಲಿ ಕೊರೆಯುತ್ತಿತ್ತು. ಸಂಜೆ ಆದೋನಿಯಲ್ಲಿ ರೈಲಿಳಿದು ಓಡೋಡಿ ಬಂದೆ. ಬೀಗ ಹಾಗೇ ಇತ್ತು. ಕಂಪ್ಯೂಟರ್ ಮುಟ್ಟಿದೆ, ತಣ್ಣಗಿತ್ತು. ಚುಕ್ಕೆ ಮಾತ್ರ ಹಸಿರಾಗೇ ಇತ್ತು. ಒಳಕೋಣೆಯಲ್ಲಿ ಯಾರೋ ಈಗಷ್ಟೇ ಮಾತು ನಿಲ್ಲಿಸಿದಂತಿತ್ತು. ‘ಯಾರದು?’ ಎಂದೆ. ಬಂದ ದೆವ್ವ ಯಾವ ಭಾಷೆಯದೋ ಎಂದು ‘ಎವರು?’ ಎಂದು ತೆಲುಗಿನಲ್ಲೂ ವಿಚಾರಿಸಿದೆ.

ಹಳೆಯ ಆಟವನ್ನು ಮತ್ತೆ ಇಳಿಸಿಕೊಂಡು ಒತ್ತಿದೆ. ಪರದೆ ಕೇಳಿತು: ‘ನೀವು ಈಗಾಗಲೇ ಬೇರೆ ಕಡೆ ಆಡುತ್ತಿದ್ದೀರಿ. ಅಲ್ಲಿಂದ ಹೊರಗೆ ಹಾಕಬೇಕೆ?’ ನನ್ನನ್ನು ನಾನೇ ಹೊರಹಾಕಿದರೆ ಉಳಿಯುವವನು ಯಾರು? ಕಣ್ಣು ಮುಚ್ಚಿ ಹೌದು ಎಂದು ಒತ್ತಿದೆ. ತೆರೆದಾಗ ಪಡಸಾಲೆ ಇತ್ತು, ಬೇವು ಇತ್ತು, ನಾನು ಕಾಣದ ಹೊಸ ಕೋಣೆಯೊಂದಿತ್ತು. ಅರ್ಧ ಗುಡಿಸಿದ ಅಂಗಳದಲ್ಲಿ ನನ್ನ ಮೀಸೆಯವನು ಕಸಬರಿಗೆ ಹಿಡಿದು ನನ್ನ ಕಡೆಗೇ ನೋಡುತ್ತಾ ನಿಂತಿದ್ದ.

ಆಗ ಮೊಬೈಲ್ ಹೊಡೆದುಕೊಂಡಿತು. ನಾಗವೇಣಿ.

“ಯಾಕ್ರಿ, ನನ್ನ ಹೊರಗ ಹಾಕಿದ್ರಿ?”

ತಮ್ಮನ ಕಂಪ್ಯೂಟರಿನಲ್ಲಿ, ನನ್ನ ಹೆಸರಿನಲ್ಲಿ ಆಡುತ್ತಿದ್ದವಳು ಆಕೆಯೇ. ನನ್ನ ಪಾಸ್‌ವರ್ಡ್ ಆಕೆಗೆ ಬಾಯಿಪಾಠ. ನಾನು ಅಳಿಸಿದ್ದು ನಮ್ಮ ಕಂಪ್ಯೂಟರಿನಲ್ಲಿದ್ದ ಆಟವನ್ನಷ್ಟೇ; ಆಕೆ ಕಟ್ಟಿದ ಮನೆಯನ್ನು ಹಳೆಯ ಅಂಗಡಿಯವರು ತಮ್ಮಲ್ಲೇ ಜೋಪಾನವಾಗಿ ಇಟ್ಟಿದ್ದರಂತೆ. ನಾಚಿಕೆಯಾಯಿತು. ತಪ್ಪಾಯಿತು, ನೀನಿಲ್ಲದೆ ಈ ಮನೆಯಲ್ಲಿ ಇರಲು ಆಗುತ್ತಿಲ್ಲ, ಯಾವಾಗ ಬರುತ್ತೀ ಎಂದು ಕೇಳಿದೆ.

“ಅವಸರ ಏನೈತ್ರಿ? ಇಲ್ಲಿ ನೀವು ಅದೀರಲ್ಲ. ಕಸ ಹೊಡೀತೀರಿ, ಗಿಡಕ್ಕ ನೀರು ಹಾಕ್ತೀರಿ, ಏನರ ಮಾಡೂ ಮುಂದ ನನ್ನ ಕೇಳ್ತೀರಿ. ಭಾಳ ಚಲೋ ಅದೀರಿ.”

ಫೋನ್ ಇಟ್ಟಳು. ನಾನು ಆಟ ಮುಚ್ಚಿದೆ. ಸ್ವಲ್ಪ ಹೊತ್ತಿಗೆ ನನ್ನ ಹೆಸರಿನ ಪಕ್ಕ ಚುಕ್ಕೆ ಮತ್ತೆ ಹಸಿರಾಯಿತು. ಆಟದ ಆ ಮೀಸೆಯವನನ್ನು ಮೀರಿಸಲೇಬೇಕೆಂದು ಎದ್ದು ಅಡುಗೆಮನೆ, ಬಾಗಿಲ ಸಂದಿ, ಮಂಚದ ಕೆಳಗೆಲ್ಲ ಹುಡುಕಿದೆ. ನಮ್ಮ ಮನೆಯ ಕಸಬರಿಗೆ ಎಲ್ಲಿರುತ್ತದೆ ಎಂದು ಕೇಳಲು ಆಕೆಗೆ ಫೋನ್ ಮಾಡಿದೆ. ಎತ್ತಲಿಲ್ಲ. ನನ್ನ ಜೊತೆ ಇದ್ದಳು.