ದೊಡ್ಡತ್ತೆಯ ಬಾಗಿಲು

ನಮ್ಮ ದೊಡ್ಡತ್ತೆಗೆ ತಲೆ ಸರಿಯಿರಲಿಲ್ಲ ಎಂದು ನಾನು ಹೇಳಿದರೆ ಸೊಸೆಯ ಬುದ್ಧಿ ಎನ್ನುತ್ತೀರಿ. ಆದ್ದರಿಂದ ಹೇಳುವುದಿಲ್ಲ. ನಡೆದದ್ದನ್ನಷ್ಟೇ ಹೇಳುತ್ತೇನೆ, ತೀರ್ಮಾನ ನಿಮಗೇ ಬಿಟ್ಟದ್ದು. ಊರಿಗೆ ಪ್ಲೇಗು ಬಂದು ಜನ ಗಂಟುಮೂಟೆ ಕಟ್ಟಿಕೊಂಡು ಹೊಲಗಳಿಗೆ ಓಡುವಾಗ ಏನೇನು ಒಯ್ಯುತ್ತಾರೆ ಹೇಳಿ? ಬಂಗಾರ ಇದ್ದವರು ಬಂಗಾರ ಒಯ್ಯುತ್ತಾರೆ. ಇಲ್ಲದವರು ಜೋಳದ ಚೀಲ, ಬೀಸುವ ಕಲ್ಲು, ಹಾಸಿಗೆ ಒಯ್ಯುತ್ತಾರೆ. ನಮ್ಮ ದೊಡ್ಡತ್ತೆ ಒಯ್ದದ್ದು ಬಾಗಿಲು!

ಬಾಗಿಲಿನ ಕೀಲಿಯಲ್ಲ, ಬಾಗಿಲು. ಚೌಕಟ್ಟು, ಹೊಸ್ತಿಲು, ಎರಡು ಕದ, ಚಿಲಕ ಸಮೇತ.

ಅದು ನಿಜಾಮರ ಕಾಲ. ಈಗಿನ ಬಸವಕಲ್ಯಾಣವನ್ನು ನಾವೆಲ್ಲ ಕಲ್ಯಾಣಿ ಎನ್ನುತ್ತಿದ್ದೆವು. ನಾನು ಹುಮನಾಬಾದಿನ ಹುಡುಗಿ, ಆ ವರ್ಷ ಯುಗಾದಿ ಕಳೆದ ಮೇಲೆ ಮದುವೆಯಾಗಿ ಕಲ್ಯಾಣಿಗೆ ಬಂದವಳು. ನಮ್ಮವರಿಗೆ ತಂದೆ ತಾಯಿ ಇರಲಿಲ್ಲ. ಅವರನ್ನು ಸಾಕಿ ಬೆಳೆಸಿದವರು ದೊಡ್ಡಪ್ಪ, ದೊಡ್ಡವ್ವ. ಅವರೇ ನನಗೆ ದೊಡ್ಡಮಾವ, ದೊಡ್ಡತ್ತೆ. ದೊಡ್ಡತ್ತೆ ಇಡೀ ಓಣಿಗೆ ಸಾಕಾಗುವಷ್ಟು ಮಾತಾಡುತ್ತಿದ್ದರು. ದೊಡ್ಡಮಾವ ಮಾತ್ರ ದಿನಕ್ಕೆ ನಾಲ್ಕು ಮಾತು ಆಡಿದರೆ ಹೆಚ್ಚು, ಅದರಲ್ಲಿ ಎರಡು ಎತ್ತುಗಳಿಗೆ.

ಆ ಬಾಗಿಲನ್ನು ನಾನು ಮನೆ ತುಂಬುವ ದಿನವೇ ನೋಡಿ ಬೆರಗಾಗಿದ್ದೆ. ಮನೆ ಗಿಡ್ಡ, ಬಾಗಿಲು ಉದ್ದ! ತೇಗದ ಹಳೆಯ ಬಾಗಿಲು, ಚೌಕಟ್ಟಿನ ತುಂಬ ಬಳ್ಳಿಯ ಕೆತ್ತನೆ. ಅದನ್ನು ಕೂಡಿಸಲೆಂದು ಗೋಡೆಯನ್ನು ಮೇಲೆ ಒಡೆದು, ಮಾಳಿಗೆಯನ್ನು ಅಲ್ಲೊಂದಿಷ್ಟು ಎತ್ತರಿಸಿದ್ದರು. ಮನೆಗೆ ಬಾಗಿಲು ಹಚ್ಚುವುದು ಲೋಕದ ರೂಢಿ. ಇಲ್ಲಿ ಬಾಗಿಲಿಗೆ ಮನೆ ಹಚ್ಚಿದ್ದರು. ಯಾಕೆಂದು ನಮ್ಮವರನ್ನು ಕೇಳಿದೆ. ತಮಗೂ ಗೊತ್ತಿಲ್ಲ, ದೊಡ್ಡವ್ವನನ್ನು ಕೇಳಲು ಹೋಗಬೇಡ ಎಂದರು. ಹೊಸ ಸೊಸೆ, ಸುಮ್ಮನಾದೆ.

ದಸರೆ ಮುಗಿದ ಮೇಲೆ ನಮ್ಮ ಹಿಂದಿನ ಓಣಿಯಲ್ಲಿ ಇಲಿ ಸತ್ತು ಬಿದ್ದವು. ಇಲಿ ಬಿತ್ತೆಂದರೆ ಮುಗಿಯಿತು, ಊರು ಬಿಡಬೇಕು. ಎರಡು ದಿನಗಳಲ್ಲಿ ಅರ್ಧ ಕಲ್ಯಾಣಿ ಹೊಲ ಸೇರಿತು. ನಾವೂ ಗಾಡಿ ಕಟ್ಟಿದೆವು. ನಾನು ರೊಟ್ಟಿಯ ಹಂಚು, ಹಿಟ್ಟಿನ ಡಬ್ಬಿ ಜೋಡಿಸುತ್ತಿದ್ದರೆ ದೊಡ್ಡತ್ತೆ ಹಾರೆ ತರಿಸಿದರು. ದೊಡ್ಡಮಾವ ಚೌಕಟ್ಟಿನ ಸುತ್ತ ಗೋಡೆ ಕೀಳತೊಡಗಿದರು. ಗಾಡಿಯಲ್ಲಿ ಬಾಗಿಲು ಮಲಗಿದ ಮೇಲೆ ನೀರಿನ ಹಂಡೆಗೆ ಜಾಗ ಉಳಿಯಲಿಲ್ಲ. ಹಂಡೆ ಮನೆಯಲ್ಲೇ ಉಳಿಯಿತು. ಬಾಗಿಲಿಲ್ಲದ ಮನೆಯಲ್ಲಿ!

ಹೊಲದಲ್ಲಿ ಎಲ್ಲರಂತೆ ನಮ್ಮದೂ ಜೋಳದ ಒಣದಂಟಿನ, ಕಣಿಕೆಯ ಗುಡಿಸಲು. ಮೂರು ಕಡೆ ಕಣಿಕೆಯ ಗೋಡೆ, ಊದಿದರೆ ಅಲ್ಲಾಡುವಂಥದು. ಎದುರಿಗೆ ಮಾತ್ರ ತೇಗದ ಬಾಗಿಲು. ನೋಡಲು ಜನ ಸಾಲುಗಟ್ಟಿ ಬಂದರು. ಬಂದವರು ಚಿಲಕ ಬಡಿಯಲೇಬೇಕು, ಅದು ದೊಡ್ಡತ್ತೆಯ ಕಾನೂನು. ಕಣಿಕೆಯ ಸಂದಿಯಲ್ಲಿ ಬಂದವರ ಮೂಗು, ಮೀಸೆ, ಎಲೆಯಡಿಕೆಯ ಚಂಚಿ ಎಲ್ಲ ನಮಗೆ ಕಾಣುತ್ತಿತ್ತು. ಆದರೂ ದೊಡ್ಡತ್ತೆ ಒಳಗೆ ಕುಳಿತು "ಯಾರು?" ಎಂದು ಕೇಳಬೇಕು, ಅವರು ಹೆಸರು ಹೇಳಬೇಕು, ಆಮೇಲೆ ನಾನು ಎದ್ದು ಹೋಗಿ ಕದ ತೆಗೆಯಬೇಕು. ದಿನಕ್ಕೆ ಎಷ್ಟು ಸಲ ಎಂದು ಕೇಳಬೇಡಿ, ನನ್ನ ಮೊಣಕಾಲಿಗೆ ಇನ್ನೂ ನೆನಪಿದೆ.

ಒಂದು ಬೆಳಿಗ್ಗೆ ಪಕ್ಕದ ಗುಡಿಸಲಿನವರ ಆಕಳು ಬಂದು ನಮ್ಮ ಹಿಂದಿನ ಗೋಡೆಯನ್ನು ನಿಶ್ಚಿಂತೆಯಿಂದ ತಿಂದುಹಾಕಿತು. ಎದ್ದು ನೋಡಿದರೆ ಗೋಡೆಯ ಜಾಗದಲ್ಲಿ ತೊಗರಿ ಹೊಲ, ನಡುವೆ ಮೆಲುಕು ಹಾಕುವ ಆಕಳು. ದೊಡ್ಡಮಾವ ಹೊಲದಿಂದ ಬಂದವರು, ಪಾಪ, ಹೇಗೂ ಗೋಡೆಯಿಲ್ಲವಲ್ಲ ಎಂದು ಆ ಕಡೆಯಿಂದಲೇ ಒಳಗೆ ಕಾಲಿಟ್ಟರು. ದೊಡ್ಡತ್ತೆ ತಡೆದರು.

"ಆಕಳಿಗಿ ತಿಳಿಯಂಗಿಲ್ಲ, ನಿಮಗರ ತಿಳೀಬೇಕಲ್ರಿ. ಬಾಗಲದಾಗ ಬರ್ರಿ."

ದೊಡ್ಡಮಾವ ಗುಡಿಸಲನ್ನು ಸುತ್ತಿ ಹೋಗಿ ಚಿಲಕ ಬಡಿದರು. "ಯಾರು?" ಎಂದರು ದೊಡ್ಡತ್ತೆ. ನಾನು ಸೆರಗು ಬಾಯಿಗೆ ತುರುಕಿಕೊಂಡು ನಕ್ಕೆ. ಆ ನಗೆಗೆ ಮುಂದೆ ನಾಚಿಕೊಳ್ಳಬೇಕಾಗುತ್ತದೆಂದು ಆಗ ನನಗೇನು ಗೊತ್ತು?

ದೀಪಾವಳಿ ಹತ್ತಿರ ಬಂತು. ಅದು ನನ್ನ ಮೊದಲ ದೀಪಾವಳಿ. ಮೊದಲ ದೀಪಾವಳಿಗೆ ತಂದೆ ಬಂದು ಮಗಳನ್ನು ತವರಿಗೆ ಕರೆಯಬೇಕು, ತಾಯಿ ನೆತ್ತಿಗೆ ಎಣ್ಣೆ ಹಚ್ಚಿ ನೀರೆರೆಯಬೇಕು, ಆರತಿ ಬೆಳಗಬೇಕು. ನಾಗರಪಂಚಮಿಗೆ ಹೋಗಬೇಕೆಂದರೆ ಹಳ್ಳ ತುಂಬಿ ಬಂದು ದಾರಿ ಕಟ್ಟಿತ್ತು. ಮದುವೆಯಾದಾಗಿನಿಂದ ಅವ್ವನ ಮುಖ ನೋಡಿರಲಿಲ್ಲ. ಈಗ ನೋಡಿದರೆ ಕಲ್ಯಾಣಿಯವರು ಹುಮನಾಬಾದಿಗೆ ಕಾಲಿಡಕೂಡದು, ಅಲ್ಲಿಯವರು ಇಲ್ಲಿಗೆ ಬರಕೂಡದು ಎಂದು ಸರಕಾರಿ ಹುಕುಂ! ನಮ್ಮ ದಾರಿ ದೊಡ್ಡ ಸಡಕಿಗೆ ಕೂಡುವಲ್ಲಿ ನಾಕಾ ಹಾಕಿ, ಅಡ್ಡ ಬಿದಿರು ಕಟ್ಟಿ, ಜವಾನನನ್ನು ಕೂಡಿಸಿದ್ದರು. ಅಪ್ಪ ಟಪಾಲಿನವನ ಕೈಯಲ್ಲಿ ಹೇಳಿ ಕಳಿಸಿದ. ಪಾಡ್ಯದ ದಿನ ತಾನೂ ಅವ್ವನೂ ನಾಕಾದ ಆಚೆ ಬಂದು ನಿಲ್ಲುತ್ತೇವೆ, ಮಗಳನ್ನು ಈಚೆ ಕರೆತಂದರೆ ದೂರದಿಂದಲೇ ನೋಡಿ ಹೋಗುತ್ತೇವೆ ಎಂದು. ನಾನು ಒಲೆಯ ಮುಂದೆ ಕುಳಿತು ಅತ್ತುಬಿಟ್ಟೆ. ಹೊಗೆಯ ನೆಪ ಹೇಳಲು ಒಲೆ ಇನ್ನೂ ಹೊತ್ತಿರಲೇ ಇಲ್ಲ.

ದೊಡ್ಡತ್ತೆ ಬಂದು ತಾವೇ ಒಲೆ ಹೊತ್ತಿಸಿದರು.

"ದೂರ ನಿಂತು ನೋಡೋದು ಚಂದ್ರಾಮನ್ನ," ಎಂದರು. "ಮಗಳನ್ನ ಒಳಗ ಕರೀತಾರ."

ಅಷ್ಟೇ. ಪಾಡ್ಯದ ದಿನ ಕೋಳಿ ಕೂಗುವ ಹೊತ್ತಿಗೆ ದೊಡ್ಡಮಾವ ಮತ್ತೆ ಬಾಗಿಲು ಕೀಳುತ್ತಿದ್ದರು. ನಮ್ಮವರು ಕದ ಹೊತ್ತು ತಂದು ಗಾಡಿಗೆ ಏರಿಸಿದರು. ಯಾಕೆಂದು ಕೇಳುವ ಧೈರ್ಯ ಅವರಿಗೂ ಇರಲಿಲ್ಲ. ಬಾಗಿಲಿನ ಮೇಲೆ ಕಂಬಳಿ ಹಾಸಿ ನನ್ನನ್ನು ಕೂಡಿಸಿದರು. ಹಬ್ಬದ ದಿನ ಬಾಗಿಲ ಮೇಲೆ ಕುಳಿತು ತವರಿಗೆ ಹೊರಟ ಹೆಣ್ಣುಮಗಳು ಈ ಸೀಮೆಯಲ್ಲಿ ನಾನೊಬ್ಬಳೇ ಇರಬೇಕು!

ನಾಕಾ ಮುಟ್ಟಿದಾಗ ಹೊತ್ತು ಬಾಗಿತ್ತು. ಬಿದಿರಿನ ಆಚೆ ಬೇವಿನ ಮರದ ಕೆಳಗೆ ಅಪ್ಪ, ಅವ್ವ ನಿಂತಿದ್ದರು. ಅವ್ವ ನನ್ನ ಹೆಸರು ಕೂಗಿದಳು. ಜವಾನ ನಮ್ಮ ಕಡೆಯವರೇ, ಬಿಳಿಗಡ್ಡದ ಸಾಹೇಬರು. ಅವರು ಕೋಲು ಅಡ್ಡ ಹಿಡಿದರು.

"ಹುಕುಂ ಅದ ಅವ್ವಾ. ಕಲ್ಯಾಣಿ ಮಂದಿ ಹುಮನಾಬಾದಿಗಿ ಹೋಗಂಗಿಲ್ಲ."

"ಹುಮನಾಬಾದಿಗಿ ಯಾರು ಹೊಂಟಾರ?" ಎಂದರು ದೊಡ್ಡತ್ತೆ. "ಹುಡುಗಿ ತವರಮನಿಗಿ ಹೊಂಟಾಳ."

"ತವರಮನಿ ಎಲ್ಲದ?"

"ಗಾಡಿ ಮ್ಯಾಗ ಅದ. ಇಳಸಾಕ ಕೈ ಹಚ್ಚು."

ಸಾಹೇಬರು ಗಾಡಿ ನೋಡಿದರು, ಬಾಗಿಲು ನೋಡಿದರು, ಅದರ ಮೇಲೆ ಕುಳಿತ ನನ್ನನ್ನೂ ನೋಡಿದರು. ಅವರಿಗೂ ಹೆಣ್ಣುಮಕ್ಕಳಿದ್ದರೋ ಏನೋ. ಯಾರೂ ಯಾರನ್ನೂ ಮುಟ್ಟಕೂಡದು, ನಡುವೆ ಎರಡು ಗಾಡಿಯಷ್ಟು ದೂರ ಇರಲೇಬೇಕು ಎಂದು ಕರಾರು ಹಾಕಿದರು. ದೊಡ್ಡತ್ತೆ ಒಪ್ಪಿದರು. ಸಡಕಿನ ಪಕ್ಕದ ಹೊಲದಲ್ಲಿ, ಬಿದಿರಿನ ನೇರಕ್ಕೆ, ಚೌಕಟ್ಟು ಎದ್ದು ನಿಂತಿತು. ಬುಡಕ್ಕೆ ಕಲ್ಲು ಕೊಟ್ಟವರು ಸಾಹೇಬರೇ. ಗೋಡೆಯಿಲ್ಲ, ಮಾಳಿಗೆಯಿಲ್ಲ, ಬಯಲಿನಲ್ಲಿ ಒಂದು ಬಾಗಿಲು. ಈ ಕಡೆ ಕಲ್ಯಾಣಿ, ಆ ಕಡೆ ತವರು. ಅದು ನಿಂತ ಮೇಲೆ ಸಾಹೇಬರು ಸಡಕಿನ ಕಡೆ ಮುಖ ತಿರುಗಿಸಿ ನಿಂತರು.

"ಇದು ಜನಾನಾ ಆತು, ಹೆಣ್ಮಕ್ಕಳ ಜಾಗ. ನಾ ಈ ಕಡಿ ನೋಡಂಗಿಲ್ರಿ," ಎಂದರು.

ಅವ್ವ ಬಂದು ಹೊಸ್ತಿಲಿಗೆ ರಂಗೋಲಿ ಎಳೆದು, ಪಾಡ್ಯಕ್ಕೆ ಮಾಡುವ ಸಗಣಿಯ ಪುಟ್ಟ ಪಾಂಡವರನ್ನು ಕೂಡಿಸಿ, ಮಣೆ ಹಾಕಿ, ಎಣ್ಣೆಯ ಬಟ್ಟಲನ್ನೂ ಹೋಳಿಗೆಯ ಗಂಟನ್ನೂ ಇಟ್ಟು ಹಿಂದೆ ಸರಿದಳು. ಎರಡು ಗಾಡಿಯಷ್ಟು ದೂರ. ಸಾಹೇಬರು ನೋಡುತ್ತಿರಲಿಲ್ಲ, ಆದರೂ ಅವ್ವ ಕರಾರು ಮುರಿಯಲಿಲ್ಲ. ನಾನು ಬಲಗಾಲಿಟ್ಟು ಒಳಗೆ ಹೋಗಿ ಮಣೆಯ ಮೇಲೆ ಕುಳಿತೆ. ಎಣ್ಣೆ ಹಚ್ಚುವವರು ಯಾರು? ದೊಡ್ಡತ್ತೆ ಹೊಸ್ತಿಲಿನ ಹೊರಗೇ ನಿಂತು, ಬಗ್ಗಿ, ಕೈ ಚಾಚಿ ನನ್ನ ನೆತ್ತಿಗೆ ಎಣ್ಣೆ ಇಟ್ಟರು. ಸಾಕೇನ್ರಿ ಎಂದು ಅವ್ವನನ್ನು ಕೇಳಿದರು. ನೆತ್ತಿಗೆ ಇನ್ನಷ್ಟು, ಕಿವಿಯ ಹಿಂದೆ ಮರೆಯಬೇಡಿರಿ ಎಂದು ಅವ್ವ ದೂರದಿಂದ ಹೇಳಿದಳು. ಜೀವಮಾನದಲ್ಲಿ ಯಾರ ಮಾತೂ ಕೇಳದ ದೊಡ್ಡತ್ತೆ ಅವ್ವ ಹೇಳಿದ ಹಾಗೆಲ್ಲ ಕೇಳಿದರು. ಕೈ ದೊಡ್ಡತ್ತೆಯದು, ಮಾತು ಅವ್ವನದು. ನಾನು ಅಳುತ್ತಿದ್ದೆ, ಎಣ್ಣೆ ಕಣ್ಣಿಗೆ ಇಳಿಯುತ್ತಿತ್ತು.

ಅವ್ವ ದೂರದಿಂದಲೇ ಆರತಿ ಬೆಳಗಿದ ಮೇಲೆ, ಬೀಗತಿಯನ್ನು ಬಾಗಿಲ ಹೊರಗೇ ನಿಲ್ಲಿಸುವುದು ಸರಿಯಲ್ಲವೆಂದು ದೊಡ್ಡತ್ತೆಯನ್ನೂ ಒಳಗೆ ಕರೆದಳು. ದೊಡ್ಡತ್ತೆ ಬೇಡವೆಂದು ತಲೆಯಲ್ಲಾಡಿಸಿದರು. ಆಗ ಗಾಡಿಯ ಬಳಿಯಿಂದ ದೊಡ್ಡಮಾವ ಬಾಯಿ ಬಿಟ್ಟರು.

"ಅಪ್ಪ, ತಮ್ಮ ಬಂದು ಕರೀದ ಆಕಿ ಬರಂಗಿಲ್ರಿ. ಅದು ಆಕಿ ತವರಮನಿ ಬಾಗಲ."

ಆಮೇಲೆ ಅವರು ಆಡಿದಷ್ಟು ಮಾತನ್ನು ನಾನು ಮತ್ತೆಂದೂ ಅವರ ಬಾಯಲ್ಲಿ ಕೇಳಲಿಲ್ಲ. ದೊಡ್ಡತ್ತೆಯ ತವರು ದುಬಲಗುಂಡಿ. ಅವರ ಮೊದಲ ದೀಪಾವಳಿಗೂ ಪ್ಲೇಗು ಬಂದಿತ್ತು. ಹೊಸ ಸೀರೆಯುಟ್ಟು ಅಪ್ಪನ ದಾರಿ ಕಾಯುತ್ತ ಕುಳಿತಿದ್ದರು, ಕರೆಯಲು ಯಾರೂ ಬರಲಿಲ್ಲ. ಅಪ್ಪ, ಅವ್ವ, ತಮ್ಮ, ಒಬ್ಬರೂ ಉಳಿದಿರಲಿಲ್ಲ. ಕೆಲವು ವರ್ಷದ ಮೇಲೆ ಹೋಗಿ ನೋಡಿದರೆ ಮನೆ ಕುಸಿದು ಬಾಗಿಲೊಂದೇ ನಿಂತಿತ್ತು. ದೊಡ್ಡಮಾವ ಅದನ್ನು ಗಾಡಿಯಲ್ಲಿ ತಂದು, ತಮ್ಮ ಮನೆಯ ಗೋಡೆ ಒಡೆದು ಕೂಡಿಸಿದ್ದರು. ಕಾಣುವವರನ್ನೂ "ಯಾರು?" ಎಂದು ಕೇಳುತ್ತಿದ್ದವರನ್ನು ನೋಡಿ ನಾನು ನಕ್ಕಿದ್ದೆನಲ್ಲ, ಆ ನಗೆ ನೆನಪಾಗಿ ತಲೆ ತಗ್ಗಿಸಿದೆ.

ಅಪ್ಪ ತಲೆಯ ರುಮಾಲು ಸರಿ ಮಾಡಿಕೊಂಡು ಮುಂದೆ ಬಂದ. ಕರಾರಿನ ದೂರದ ಅಂಚಿಗೆ ಬಂದು ನಿಂತ.

"ಅಕ್ಕಾ, ಹಬ್ಬಕ್ಕ ಕರಿಯಾಕ ಬಂದೀನಿ. ಒಳಗ ಬಾ," ಎಂದ.

ದೊಡ್ಡತ್ತೆ ಸೆರಗು ಸರಿಮಾಡಿಕೊಂಡು, ತೆರೆದೇ ಇದ್ದ ಎರಡೂ ಕದಗಳನ್ನು ಹೊರಗಿನಿಂದ ಎಳೆದು ಮುಚ್ಚಿದರು. ಸುತ್ತ ಬಯಲು, ನಡುವೆ ಮುಚ್ಚಿದ ಬಾಗಿಲು. ಅದರ ಆಚೆ ಅವರು ನಿಂತು ಮೆಲ್ಲಗೆ ಚಿಲಕ ಬಡಿದರು.

ಒಳಗೆ ಕದದ ಬಳಿ ಇದ್ದವಳು ನಾನೊಬ್ಬಳೇ. ಎದ್ದು ಹೋದೆ.

"ಯಾರು?" ಎಂದು ಕೇಳಿದೆ.

"ನಾನು," ಎಂದಿತು ಆಚೆಯ ದನಿ, ನಾನು ಎಂದೂ ಕೇಳಿರದಷ್ಟು ಸಣ್ಣ ದನಿ. "ಈ ಮನಿ ಮಗಳು."

ಕದ ತೆಗೆದೆ. ದೊಡ್ಡತ್ತೆ ಬಲಗಾಲಿಟ್ಟು ಒಳಗೆ ಬಂದು, ನನ್ನ ಮಣೆಯ ಮೇಲೆ ಕುಳಿತು, ನರೆತ ಕೂದಲಿನ ಗಂಟು ಬಿಚ್ಚಿದರು.

"ಎಣ್ಣಿ ಉಳದದೇನು?" ಎಂದು ಕೇಳಿದರು.