ಮೂರು ಗಂಟೆಯವರೆಗೆ ಮಾತ್ರ ಏಳಿಗೆ

ಬಾಯಿ ಬಿಡಬೇಡ ಎಂದು ಕಾಂಗ್ ಮಿಂಗ್‌ದೆ ಹೆಂಡತಿಗೆ ಸಾರಿ ಸಾರಿ ಹೇಳಿದ್ದ. ಹುಯಿಫೆನ್ ಬಾಯಿ ಬಿಡಲೂ ಇಲ್ಲ. ಬೆಳಿಗ್ಗೆ ದಪ್ಪ ಲು ಎಂಬವನ ತಿಂಡಿ ಅಂಗಡಿಗೆ ಹೋದಳು. ದಿನಾ ಒಯ್ಯುವ ಸೊಪ್ಪು ತುಂಬಿದ ಬಾವ್‌ಜಿ ಕಡುಬು ಬೇಡ, ಇವತ್ತು ಹಂದಿಮಾಂಸದ್ದು ಕೊಡು ಎಂದಳು. ಅಷ್ಟೇ.

ಲು ಹಬೆ ಪಾತ್ರೆಯ ಮುಚ್ಚಳ ಎತ್ತಿದವನು ಹಾಗೇ ನಿಂತ. "ಏನಕ್ಕಾ ವಿಶೇಷ?"

"ವಿಶೇಷ ಏನಿಲ್ಲಪ್ಪ. ಮಧ್ಯಾಹ್ನ ಮೂರು ಗಂಟೆಗೆ ಎಲ್ಲರಿಗೂ ಗೊತ್ತಾಗುತ್ತೆ."

ನಮ್ಮ ಚಿಂಗ್‌ಶಿ ಪಟ್ಟಣದ ನೀರು ಸರಬರಾಜು ಕಚೇರಿಯಲ್ಲಿ ಉಪಮುಖ್ಯಸ್ಥನ ಕುರ್ಚಿ ಖಾಲಿ ಇರುವುದು, ಅದಕ್ಕೆ ಇವತ್ತು ಮೂರು ಗಂಟೆಗೆ ಹೆಸರು ಕೂಗುತ್ತಾರೆ ಎನ್ನುವುದು ಊರ ನಾಯಿಗಳಿಗೂ ಗೊತ್ತಿತ್ತು. ಹುಯಿಫೆನ್ ಪೊಟ್ಟಣ ಹಿಡಿದು ಮನೆಯ ಮೆಟ್ಟಿಲು ಹತ್ತುವಷ್ಟರಲ್ಲಿ ಮೇಲಿನ ಮನೆಯ ಫೆಂಗ್ ಅಜ್ಜಿ ಅಡ್ಡ ನಿಂತು, "ಉಪಮುಖ್ಯಸ್ಥರ ಹೆಂಡ್ತಿ ಹೀಗೆ ಸವೆದ ಚಪ್ಪಲಿ ಹಾಕ್ಕೊಂಡು ಓಡಾಡ್ತಾರೇನೆ?" ಎಂದು ಕೇಳಿಯೇಬಿಟ್ಟಳು.

ಕಾಂಗ್ ಯಾರು ಅಂತ ಹೇಳದೆ ಮುಂದೆ ಹೋದರೆ ನಮ್ಮ ಓಣಿಯವರು ನನ್ನನ್ನು ಸುಮ್ಮನೆ ಬಿಡುವುದಿಲ್ಲ. ಕಚೇರಿಯಲ್ಲಿ ಅವನು ಗುಮಾಸ್ತ. ನೀರು ಬರಲಿಲ್ಲ, ಬಂದದ್ದು ಕೆಂಪಗಿದೆ ಎಂದು ಬೈಯಲು ಬಂದವರ ಎದುರು ಕೂತು ತಲೆಯಾಡಿಸುವುದು ಅವನ ಕೆಲಸ. ಆದರೆ ಕೈಗೆ ಕುಂಚ ಬಂದರೆ ಅವನು ಬೇರೆಯೇ ಮನುಷ್ಯ. ನಮ್ಮ ಓಣಿಯಲ್ಲಿ ಒಂದು ಅಂಗಡಿ ತೆರೆಯಲಿ, ಒಬ್ಬ ಹುಡುಗನಿಗೆ ಕೆಲಸ ಸಿಗಲಿ, ಕಾಂಗ್ ಕೆಂಪು ಕಾಗದದ ಮೇಲೆ ನಾಲ್ಕು ಅಕ್ಷರ ಬರೆದುಕೊಡದೆ ಕಾರ್ಯ ಮುಗಿದಂತೆ ಅಲ್ಲ. 'ಹೆಜ್ಜೆಹೆಜ್ಜೆಗೂ ಏರಲಿ', 'ಮುಂದಿನ ಹಾದಿ ಜರತಾರಿಯಾಗಲಿ', 'ಹಬೆಯಂತೆ ದಿನದಿನಕ್ಕೂ ಮೇಲೇಳಲಿ', 'ಕುದುರೆ ಕಾಲಿಟ್ಟಲ್ಲಿ ಗೆಲುವಾಗಲಿ', 'ಮಹಾಪಕ್ಷಿಗೆ ಸಾವಿರ ಹರದಾರಿ ಹಾದಿ ತೆರೆಯಲಿ'. ನಮ್ಮ ಮಾತಿನಲ್ಲಿ ಇಷ್ಟುದ್ದ ಆಗುವುದೆಲ್ಲ ಅವನ ಕುಂಚದಲ್ಲಿ ನಾಲ್ಕೇ ಅಕ್ಷರ, ಒಂದೊಂದೂ ಪೈಲ್ವಾನರ ಹಾಗೆ ಕಾಲೂರಿ ನಿಂತಿರುತ್ತದೆ. ಪಕ್ಕದ ಊರುಗಳಲ್ಲೂ ಬರೆಯುವವರಿದ್ದಾರೆ ಅಂತ ಕೇಳಿದ್ದೇವೆ. ಇರಲಿ ಬಿಡಿ ಪಾಪ.

ಬರೆಸಿಕೊಂಡವರು ಏರಿದ್ದೂ ನಿಜ. ಕಚೇರಿಯ ಮುಖ್ಯಸ್ಥರಾದ ದಿಂಗ್ ಸಾಹೇಬರು ಒಂದು ಕಾಲದಲ್ಲಿ ಕಾಂಗ್ ಪಕ್ಕದ ಮೇಜಿನಲ್ಲೇ ಕೂರುತ್ತಿದ್ದವರು. ಕಾಂಗ್‌ನದು ಮಾತ್ರ ಅದೇ ಮೇಜು. ತನಗೆ ತಾನೇ ಹಾರೈಕೆ ಬರೆದುಕೊಳ್ಳುವುದು ತನ್ನ ಕೊರಳಿಗೆ ತಾನೇ ಹಾರ ಹಾಕಿಕೊಂಡ ಹಾಗೆ, ಆ ನಾಚಿಕೆಗೇಡಿನ ಕೆಲಸ ಅವನು ಮಾಡಲಿಲ್ಲ. ಈ ಸಲ ಕುರ್ಚಿ ತಪ್ಪಿದರೆ ಮುಂದಿನ ಸಲಕ್ಕೆ ವಯಸ್ಸಿನ ಮಿತಿ ದಾಟಿರುತ್ತದೆ. ಗುಮಾಸ್ತನಾಗಿಯೇ ನಿವೃತ್ತಿ. ಹುಯಿಫೆನ್ ತಂಗಿಯ ಗಂಡ ಆಗಲೇ ಎರಡು ಮೆಟ್ಟಿಲು ಮೇಲಿದ್ದ, ಹಬ್ಬಕ್ಕೆ ಬಂದಾಗಲೆಲ್ಲ ತಂಗಿ ಆ ವಿಷಯ ಅಕ್ಕನಿಗೆ ನೆನಪಿಸಿಯೇ ಹೋಗುತ್ತಿದ್ದಳು. ಆದ್ದರಿಂದ ಕುರ್ಚಿ ಬೇಕಿತ್ತು. ಅದನ್ನು ಗಂಡ ಹೆಂಡತಿ ಇಬ್ಬರೂ ಬಾಯಿಬಿಟ್ಟು ಹೇಳಿಕೊಳ್ಳದೆ ವರ್ಷಗಟ್ಟಲೆ ಬಯಸಿದ್ದರು.

ಸಂಭ್ರಮಕ್ಕೆ ಕಲ್ಲು ಹಾಕಿದವರು ನಿಯೆ ಮೇಷ್ಟ್ರು. ಶಾಲೆಯಲ್ಲಿ ಡ್ರಿಲ್ ಹೇಳಿಕೊಟ್ಟು ನಿವೃತ್ತರಾದವರು, ಪೇಪರ್ ಓದುವುದೇ ಈಗ ಉದ್ಯೋಗ. ಅಂಗಳದ ಮಧ್ಯೆ ನಿಂತು ಕೇಳಿದರು: "ಎಲ್ಲ ಸರಿ. ಆದ್ರೆ ಇನ್ಮೇಲೆ ಅಂಗಡಿ ಬೋರ್ಡು ಯಾರು ಬರೀತಾರೆ?"

"ಅಂದ್ರೆ? ಕಾಂಗೇ ಬರೀತಾನೆ," ಎಂದಳು ಫೆಂಗ್ ಅಜ್ಜಿ.

"ಅಧಿಕಾರಿಗಳು ಬೋರ್ಡು, ಹಾರೈಕೆ ಅಂತ ಯಾರಿಗೂ ಬರೆದುಕೊಡೋ ಹಾಗಿಲ್ಲಮ್ಮ. ಮೇಲಿಂದ ಕಟ್ಟುನಿಟ್ಟಾಗಿದೆ. ಮೂರು ಗಂಟೆಗೆ ಕುರ್ಚಿಲಿ ಕೂತ, ಕುಂಚ ಕೆಳಗಿಟ್ಟ."

ಅಂಗಳದಲ್ಲಿದ್ದವರೆಲ್ಲ ಒಟ್ಟಿಗೆ ಓಡಿದರು, ಕಾಗದ ತರಲು.

ಕಾಂಗ್ ಬಾವ್‌ಜಿಗೆ ಬಾಯಿ ಹಾಕುವಷ್ಟರಲ್ಲಿ ಬಾಗಿಲಿನಿಂದ ಬೀದಿಯ ತನಕ ಸಾಲು. ಮೊದಲಿಗಳು ಫೆಂಗ್ ಅಜ್ಜಿ.

"ಮೊಮ್ಮಗನಿಗೆ ಬರೆದುಕೊಟ್ಟಿದೀನಲ್ಲ ಅಜ್ಜಿ, ಹೋದ ವರ್ಷ?"

"ಇದು ಅವನ ಮಗನಿಗೆ."

"ಅವನಿಗೆ ಇನ್ನೂ ಮದುವೇನೇ ಆಗಿಲ್ಲ."

"ಆಗುತ್ತೆ. ಹುಟ್ಟುತ್ತೆ. ಕೆಲಸಕ್ಕೆ ಸೇರುತ್ತೆ. ಆವಾಗ ನಿನ್ನ ಬಾಗಿಲಿಗೆ ಬಂದ್ರೆ ಬರೀತೀಯಾ? ಬರೆಯಲ್ಲ. ಈಗಲೇ ಬರಿ."

ಬರೆದ. ಹಿಂದಿದ್ದ ಕ್ಷೌರದವನು ಎರಡು ಕೇಳಿದ, ಮಗ ಡಾಕ್ಟರಾಗುತ್ತಾನೋ ವ್ಯಾಪಾರಿಯಾಗುತ್ತಾನೋ ಇನ್ನೂ ತೀರ್ಮಾನವಾಗಿಲ್ಲ, ಮಗುವಿಗೆ ಈಗ ಹಲ್ಲು ಬರುತ್ತಿದೆ. ಇನ್ನೊಬ್ಬಳಿಗೆ ಎಂದೋ ತೆರೆಯಬಹುದಾದ ಬಟ್ಟೆ ಅಂಗಡಿಗೆ ಬೇಕು. ಹತ್ತಿರದಲ್ಲಿ ಬಟ್ಟೆ ಅಂಗಡಿ ಇಟ್ಟಿದ್ದವಳಿಗೆ ಅದು ಕೇಳಿಸಿ, ಹಾಗಾದರೆ ನನಗೆ ಇವಳದಕ್ಕಿಂತ ದೊಡ್ಡ ಅಕ್ಷರ ಎಂದು ಜಗಳ ತೆಗೆದಳು. ಕಾಂಗ್ ಇಬ್ಬರಿಗೂ ಒಂದೇ ಅಳತೆಯಲ್ಲಿ ಬರೆದ. ಇಬ್ಬರೂ ಸಿಟ್ಟಾದರು.

ಸಾಲಿನಲ್ಲಿ ದಪ್ಪ ಲು ಕೂಡ ನಿಂತಿದ್ದ. ಬಸ್ ನಿಲ್ದಾಣದ ಎದುರು ಅವನ ಹೊಸ ಅಂಗಡಿ ನಾಳೆ ಬೆಳಿಗ್ಗೆ ತೆರೆಯಬೇಕು. ಅರ್ಧ ಜೀವಮಾನದ ಆಸೆ. ಅವನ ಸರದಿ ಹತ್ತಿರ ಬಂದಾಗಲೆಲ್ಲ ಯಾರಾದರೊಬ್ಬರು ಹಸಿವೆ ಎನ್ನುವರು, ಅವನು ಬಾವ್‌ಜಿ ತರಲು ಓಡುವನು, ಬಂದು ಮತ್ತೆ ಕೊನೆಯಲ್ಲಿ ನಿಲ್ಲುವನು. "ಲು, ನೀನು ಮುಂದೆ ಬಾರೋ" ಎಂದು ಕಾಂಗ್ ಕರೆದ. "ಆಗಲಿ ಕಾಂಗಣ್ಣ, ಅಜ್ಜೀದೊಂದು ಆಗಿಬಿಡ್ಲಿ" ಎಂದ ಲು. ಅಜ್ಜಿ ಮರಿಮಗನ ತಂಗಿಗಾಗಿ ಎರಡನೆಯ ಸಲ ಬಂದಿದ್ದಳು.

ಕಚೇರಿಗೆ ಹೊತ್ತಾಯಿತೆಂದು ಕಾಂಗ್ ಹಿಂಬಾಗಿಲಿನಿಂದ ತಪ್ಪಿಸಿಕೊಂಡ. ಕಚೇರಿಯಲ್ಲೂ ಬಾಗಿಲಲ್ಲೇ ಹಿಡಿದರು. ಹೊಸ ಕಾಗದ ಮುಗಿದು ಹಳೆಯ ಕ್ಯಾಲೆಂಡರುಗಳ ಬೆನ್ನಿಗೆ ಬಂತು. ಅದೇ ಕುರ್ಚಿಗೆ ಅರ್ಜಿ ಹಾಕಿದ್ದ ಕಿರಿಯ ಗುಮಾಸ್ತ ಕುಯ್ ಕೂಡ ಕೈ ಚಾಚಿದ: "ಅಂಕಲ್, ಈ ಸಲ ನಿಮಗೆ. ಸಂತೋಷ, ಮನಸಾರೆ ಹೇಳ್ತಿದೀನಿ. ಮುಂದಿನ ಸಲಕ್ಕೆ ಅಂತ ನನಗೊಂದು 'ಹೆಜ್ಜೆಹೆಜ್ಜೆಗೂ' ಬರೆದಿಟ್ಟುಬಿಡಿ." ದಿಂಗ್ ಸಾಹೇಬರು ಒಳಗೆ ಕರೆದು ಬಾಗಿಲು ಹಾಕಿದರು. ಮೇಲಧಿಕಾರಿಯ ಮಗಳಿಗೊಂದು, ಅಳಿಯನಿಗೊಂದು, ಅಳಿಯನ ಅಪ್ಪನಿಗೊಂದು. ಮೂರನೆಯದನ್ನು ಒಣಗಿಸಲು ಅವರೇ ಎತ್ತಿ ಹಿಡಿದಾಗ ಮಸಿ ಜಾರಿ ಕಾಂಗ್‌ನ ಹೊಸ ಬಿಳಿ ಅಂಗಿಯ ಎದೆಯ ಮೇಲೆ ಇಳಿಯಿತು. ಕುಯ್ ತನ್ನ ಕೋಟು ಬಿಚ್ಚಿ ಕೊಟ್ಟ. ಗುಂಡಿ ಹಾಕಿದರೆ ಉಸಿರು ಬರಲಿಲ್ಲ, ಬಿಚ್ಚಿದರೆ ಮಸಿ ಕಂಡಿತು. ಊಟವಿಲ್ಲ, ಬೆರಳು ಮಡಚಲು ಬರುತ್ತಿರಲಿಲ್ಲ. ಆದರೂ ಒಂದು ಅಕ್ಷರ ಕೆಟ್ಟಿರಲಿಲ್ಲ ನೋಡಿ, ಅದು ನಮ್ಮ ಕಾಂಗ್.

ಮೂರು ಗಂಟೆಗೆ ಕಚೇರಿಯ ಸಭಾಂಗಣದ ಬಾಗಿಲುಗಳನ್ನು ಬೀದಿಗೆ ತೆರೆದಿಟ್ಟರು. ಹೆಸರು ಕೂಗಿದ ಮೇಲೆ ಯಾರದಾದರೂ ಆಕ್ಷೇಪ ಇದೆಯೇ ಎಂದು ಜನರ ಎದುರೇ ಕೇಳಬೇಕು, ಅದು ಪದ್ಧತಿ. ಅದಕ್ಕಾಗಿ ನಗರದಿಂದ ರುವಾನ್ ಮೇಡಂ ಬಂದು ವೇದಿಕೆಯ ಮೇಲೆ ಕೂತಿದ್ದರು, ನಗುವನ್ನು ಮನೆಯಲ್ಲೇ ಬೀಗ ಹಾಕಿಟ್ಟು ಬಂದಂಥ ಮುಖ. ಓಣಿಯೆಲ್ಲ ಒಳಗೆ. ಹುಯಿಫೆನ್ ಮುಂದಿನ ಸಾಲಿನಲ್ಲಿ, ಚಪ್ಪಲಿ ಬದಲಾಗಿತ್ತು.

"ಉಪಮುಖ್ಯಸ್ಥರ ಸ್ಥಾನಕ್ಕೆ ಕಾಂಗ್ ಮಿಂಗ್‌ದೆ," ಎಂದು ಓದಿದರು ಮೇಡಂ. "ಆಕ್ಷೇಪ ಇರೋರು ಹೇಳಿ."

ಯಾರೂ ತುಟಿ ಬಿಚ್ಚಲಿಲ್ಲ. ಆಕ್ಷೇಪ ಯಾಕೆ ಇರಬೇಕು? ಎಲ್ಲರ ಮನೆಯಲ್ಲೂ ಎರಡು ತಲೆಮಾರಿಗಾಗುವಷ್ಟು ಏಳಿಗೆ ಒಣಗುತ್ತಿತ್ತು. ನಮ್ಮ ಕೈ ಬಿಟ್ಟು ಹೋಗಬೇಡ ಎಂದು ಒಬ್ಬರಾದರೂ ಸುಳ್ಳಿಗಾದರೂ ಅನ್ನಲಿಲ್ಲವಲ್ಲ ಎಂದು ಕಾಂಗ್‌ಗೆ ಸ್ವಲ್ಪ ಚುರುಕ್ಕೆಂದಿತು. ಹಿಂದಿನಿಂದ ದಪ್ಪ ಲು ಒಬ್ಬನೇ ಎರಡೂ ಕೈ ಎತ್ತಿ, "ನಮಗೆಲ್ಲ ಪೂರ್ತಿ ಒಪ್ಪಿಗೆ ಮೇಡಂ, ಇವರಿಗಿಂತ ಒಳ್ಳೆಯವರು ಸಿಗಲ್ಲ" ಎಂದ. ಎತ್ತಿದ ಕೈಗಳಲ್ಲಿ ಅವನ ಹೊಸ ಅಂಗಡಿಯ ಬೋರ್ಡಿತ್ತು. ಮಸಿ ಇನ್ನೂ ಹಸಿ.

ಕಾಂಗ್ ಅದನ್ನು ಓದಿದ. 'ಹಬೆಯಂತೆ ದಿನದಿನಕ್ಕೂ ಮೇಲೇಳಲಿ.' ಸರದಿ ಸಿಗದ ಲುಗೆ ನಿಯೆ ಮೇಷ್ಟ್ರು ಬರೆದುಕೊಟ್ಟದ್ದು. ಮೊದಲ ಅಕ್ಷರ ಹಬೆ ಹೋದ ಬಾವ್‌ಜಿಯ ಹಾಗೆ ಕುಸಿದಿತ್ತು, ಎರಡನೆಯದು ಅದಕ್ಕೆ ಒರಗಿತ್ತು, ಮೂರನೆಯದು ಬೀಳದಿರಲು ನಾಲ್ಕನೆಯದನ್ನು ಹಿಡಿದುಕೊಂಡಿತ್ತು. ನಾಳೆಯಿಂದ ಬಸ್ಸಿಳಿದವರೆಲ್ಲ ಮೊದಲು ನೋಡುವುದು ಅದನ್ನೇ. ಚಿಂಗ್‌ಶಿಯಲ್ಲಿ ಬೋರ್ಡು ಅಂದರೆ ಕಾಂಗ್. ಪಕ್ಕದ ಊರಿನವರು ನಿಂತು ನೋಡಿ, ಕುರ್ಚಿ ಸಿಕ್ಕಿದ ಮೇಲೆ ಕಾಂಗ್‌ನ ಕೈ ಹೋಯ್ತು ಕಣ್ರೋ ಅನ್ನುತ್ತಾರೆ. ನಕ್ಕು ಅನ್ನುತ್ತಾರೆ.

ರುವಾನ್ ಮೇಡಂ ಪೆನ್ನು ಚಾಚಿದರು. "ಇನ್ನು ಮುಂದೆ ಯಾರಿಗೂ ಬೋರ್ಡು, ಹಾರೈಕೆ ಬರೆದುಕೊಡೋದಿಲ್ಲ ಅಂತ ಮಾತು ಕೊಟ್ಟು ಸಹಿ ಹಾಕಿ."

ಕಾಂಗ್ ಪೆನ್ನು ತೆಗೆದುಕೊಂಡ. ಹುಯಿಫೆನ್ ಕಣ್ಣು ಒರೆಸಿಕೊಂಡಳು. ಕಾಂಗ್ ಲು ಕಡೆ ನೋಡಿದ. ಲು ಹಲ್ಲು ಕಿರಿದು ಬೋರ್ಡನ್ನು ಇನ್ನೂ ಮೇಲೆತ್ತಿದ. ಕಾಂಗ್ ಪೆನ್ನು ಕೆಳಗಿಟ್ಟ.

"ಆಕ್ಷೇಪ ಇದೆ ಮೇಡಂ."

"ಯಾರ ಮೇಲೆ?"

"ಕಾಂಗ್ ಮಿಂಗ್‌ದೆ ಮೇಲೆ."

"ನೀವೇ ಅಲ್ವಾ ಕಾಂಗ್ ಮಿಂಗ್‌ದೆ?"

"ಹೌದು. ಅವನನ್ನ ತುಂಬ ಹತ್ತಿರದಿಂದ ನೋಡಿದೀನಿ. ಮಹಾ ಅಹಂಕಾರಿ. ಊರಲ್ಲಿ ಒಂದು ಅಕ್ಷರ ಸೊಟ್ಟಗಿದ್ರೆ ಅವನಿಗೆ ಅನ್ನ ಇಳಿಯಲ್ಲ. ಇವತ್ತು ಸಹಿ ಹಾಕ್ತಾನೆ, ನಾಳೆ ಕದ್ದು ಬರೀತಾನೆ. ಇಂಥವನಿಗೆ ಕುರ್ಚಿ ಕೊಡಬೇಡಿ."

ದಿಂಗ್ ಸಾಹೇಬರ ಮುಖ ಬೆಂದ ಬೀಟ್‌ರೂಟಾಯಿತು. "ಕಾಂಗ್, ತಲೆ ಕೆಟ್ಟಿದೆಯೇನಯ್ಯ? ಕೂತ್ಕೋ." ರುವಾನ್ ಮೇಡಂ ಕೈ ಅಡ್ಡ ಹಿಡಿದರು. ಅವರ ನೌಕರಿಯಲ್ಲಿ ತನ್ನ ಮೇಲೆ ತಾನೇ ಆಕ್ಷೇಪ ಎತ್ತಿದವರು ಯಾರೂ ಸಿಕ್ಕಿರಲಿಲ್ಲ. ಆಕ್ಷೇಪ ನ್ಯಾಯವಾಗಿದೆ ಎಂದರು. ಎರಡನೆಯ ಹೆಸರು ಓದಿದರು. ಕುಯ್ ಉಪಮುಖ್ಯಸ್ಥನಾದ. ಅವನ ಕೋಳಿಗಾಲಿನ ಬರಹವನ್ನು ಯಾರೂ ಬೇಡುವುದಿಲ್ಲ ಎಂದು ಇಡೀ ಊರು ಬಲ್ಲದು, ಸಹಿಗೆ ಅಡ್ಡಿಯೇ ಬರಲಿಲ್ಲ. ಮುಂದಿನ ಸಲಕ್ಕೆಂದು ಬೆಳಿಗ್ಗೆ ಬರೆಸಿಕೊಂಡ ಹಾರೈಕೆ ಸಂಜೆಗೆ ಮೊದಲೇ ಫಲಿಸಿತಲ್ಲ ಎಂದು ಜನ ಮೂಗಿನ ಮೇಲೆ ಬೆರಳಿಟ್ಟರು.

ಹುಯಿಫೆನ್ ಎದ್ದು ಗಂಡನ ಹತ್ತಿರ ಬಂದಳು.

"ನನ್ನ ತಂಗಿಗೆ ನಾನು ಏನು ಮುಖ ತೋರಿಸ್ಲಿ ಕಾಂಗ್?"

"ಗೊತ್ತಿಲ್ಲ ಕಣೆ."

"ನಂಗೂ ಗೊತ್ತಿಲ್ಲ." ಲು ಕೈಯಿಂದ ಬೋರ್ಡು ಕಸಿದು, ತಿರುವಿ, ಖಾಲಿ ಬದಿ ಮೇಲೆ ಮಾಡಿ, ಬಾಗಿಲ ಹೊರಗಿನ ಮೇಜಿನ ಮೇಲಿಟ್ಟು ಎರಡೂ ತುದಿ ಅದುಮಿ ಹಿಡಿದಳು. "ಬರಿ. ಇಷ್ಟೆಲ್ಲ ಮಾಡಿ ಸೊಟ್ಟ ಬಂದ್ರೆ ಮಾತ್ರ ಮನೆಗೆ ಬರಬೇಡ."

ನಿಯೆ ಮೇಷ್ಟ್ರೇ ಮಸಿ ತಂದುಕೊಟ್ಟರು. "ಬದುಕಿಸಿದೆ ಮಾರಾಯ. ಬರೆದಾದ ಮೇಲೆ ಅದನ್ನ ನೋಡಿ ನಂಗೇ ಹೊಟ್ಟೆ ತೊಳೆಸಿತ್ತು."

ಕಾಂಗ್ ಕೋಟು ಬಿಚ್ಚಿ ಎಸೆದು, ಮಸಿಯ ಅಂಗಿಯಲ್ಲೇ ನಿಂತು ಬರೆದ. ಮೊದಲ ಅಕ್ಷರ ಮುಗಿದಾಗಲೇ ಲು ಅಳತೊಡಗಿದ್ದ. ಎಷ್ಟೋ ಬೋರ್ಡು ನೋಡಿದ್ದೇವೆ, ಅಂಥದ್ದು ನಾವು ನೋಡಿರಲಿಲ್ಲ. ಆ ನಾಲ್ಕು ಅಕ್ಷರ ನಮ್ಮ ಊರಿನವು ಎಂದು ನೆನೆದರೆ ಈಗಲೂ ಎದೆ ಉಬ್ಬುತ್ತದೆ. ಅಷ್ಟರಲ್ಲಿ ಹಿಂದೆ ಸಾಲು ಮತ್ತೆ ಬೆಳೆಯುತ್ತಿತ್ತು. ಅವಸರದಲ್ಲಿ ಬರೆಸಿಕೊಂಡದ್ದು ಎಷ್ಟಾದರೂ ಅವಸರದ್ದೇ, ನಿಧಾನವಾಗಿ ಇನ್ನೊಂದಿರಲಿ ಎಂದು ಎಲ್ಲರಿಗೂ ಅನ್ನಿಸಿತ್ತು.

ಆಗ ರುವಾನ್ ಮೇಡಂ ವೇದಿಕೆ ಇಳಿದು, ಕಾರಿನ ಕಡೆ ಹೋಗದೆ, ಮೇಜಿನ ಹತ್ತಿರ ಬಂದು ಕೆಮ್ಮಿದರು. ಮತ್ತೇನು ಕಾದಿದೆಯೋ ಎಂದು ಹುಯಿಫೆನ್ ಗಂಡನ ಪಕ್ಕಕ್ಕೆ ಸರಿದಳು.

"ಕಾಂಗ್ ಅವರೇ, ನೀವೀಗ ಅಧಿಕಾರಿ ಅಲ್ಲ. ಬರೆದುಕೊಟ್ರೆ ತಪ್ಪೇನಿಲ್ಲ." ದನಿ ತಗ್ಗಿಸಿದರು. "ನನ್ನ ಹೆಸರು ಮೇಲಿನ ಆಫೀಸಿಗೆ ಹೋಗಿದೆ. ಮುಂದಿನ ತಿಂಗಳು ತೀರ್ಮಾನ. ಆ ಮಹಾಪಕ್ಷೀದು ಒಂದು..."

ಕಾಂಗ್ ಕುಂಚದಿಂದ ತಲೆ ಎತ್ತಲಿಲ್ಲ. "ಖಂಡಿತ ಬರೀತೀನಿ ಮೇಡಂ. ಸಾಲಲ್ಲಿ ಬನ್ನಿ."

ರುವಾನ್ ಮೇಡಂ ಸುಮ್ಮನೆ ಹೋಗಿ ಸಾಲಿನ ಕೊನೆಯಲ್ಲಿ ಫೆಂಗ್ ಅಜ್ಜಿಯ ಹಿಂದೆ ನಿಂತರು. ಅಜ್ಜಿ ಅವರನ್ನು ಮೇಲಿಂದ ಕೆಳಗೆ ನೋಡಿ ಸಮಾಧಾನ ಹೇಳಿದಳು.

"ಸರಿಯಾದ ಜಾಗಕ್ಕೆ ಬಂದಿದೀಯಮ್ಮ. ನಮ್ಮ ಕಾಂಗ್ ಬರೆದ್ರೆ ಎಂಥವರೂ ಮೇಲೇರ್ತಾರೆ."

"ಅವರೊಬ್ಬರು ಬಿಟ್ಟು?"

"ಅವನನ್ನ ನಾವು ಬಿಡ್ತೀವಾ?" ಎಂದಳು ಅಜ್ಜಿ.